ಗಜಕಡ್ಡಿಗೆ ಹಿಡಿಯದ ಅಳತೆ

ಶಾಲೆ ತೆರೆಯಲು ಇನ್ನು ಹನ್ನೆರಡು ದಿನ ಇತ್ತು. ಆ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದು ಮೂಲೆಯಲ್ಲಿ ನೀಲಿ ಚಡ್ಡಿಗಳ ರಾಶಿ, ಇನ್ನೊಂದು ಮೂಲೆಯಲ್ಲಿ ಇನ್ನೂ ತೋಳು ಕೂಡಿಸದ ಬಿಳಿ ಅಂಗಿಗಳ ರಾಶಿ, ನಡುವೆ ಉದ್ದನೆಯ ಕಟಿಂಗ್ ಮೇಜು. ಮೇಜಿನ ಹಿಂದೆ ನಿಂತು ಕತ್ತರಿ ಆಡಿಸುವವರು ಅಂಗಡಿಯ ಯಜಮಾನರು. ಊರಿನವರು ಅವರನ್ನು ನೂಲೆಳೆ ಮಾಸ್ಟರ್ ಅನ್ನುತ್ತಿದ್ದರು. ಅಳತೆಯಲ್ಲಿ ಒಂದು ನೂಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಗುಂಡಿಗೆ ಕಾಜಾ ತೆಗೆಯುವವರು ಅವರ ಹೆಂಡತಿ. ಅವರಿಗೆ ಕಾಜಾ ಅಕ್ಕ ಎಂದೇ ಹೆಸರು.

ಕಟಿಂಗ್ ಮೇಜಿನ ಅಂಚಿಗೆ ಒಂದು ಕಬ್ಬಿಣದ ಗಜಕಡ್ಡಿಯನ್ನು ಮೊಳೆ ಹೊಡೆದು ಕೂರಿಸಿದ್ದರು. ಬಟ್ಟೆಯ ಟೇಪು ದಿನವೂ ಎಳೆದೆಳೆದು ಹಿಗ್ಗುತ್ತದೆ, ಕಬ್ಬಿಣ ಹಾಗಲ್ಲ. ಅದಕ್ಕೇ ಪ್ರತಿ ತಿಂಗಳ ಒಂದನೇ ತಾರೀಕು ಅಂಗಡಿ ಬಾಗಿಲು ತೆಗೆದ ತಕ್ಷಣ ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದು ಆ ಕಡ್ಡಿಗೆ ಹಿಡಿಯುತ್ತಿದ್ದರು. ಒಂದೆಳೆ ಆಚೀಚೆ ಇದ್ದರೂ ಕಚಕ್ಕನೆ ಕತ್ತರಿಸಿ, "ಇನ್ನು ನೀನು ಗಂಟು ಕಟ್ಟೋಕೆ ಲಾಯಕ್ಕು" ಎಂದು ಬುಟ್ಟಿಗೆ ಎಸೆಯುತ್ತಿದ್ದರು. ಹೊಸ ಟೇಪಿಗೂ ಅದೇ ಪರೀಕ್ಷೆ. ಹೊಸದು ಅಂದಮಾತ್ರಕ್ಕೆ ನಂಬುವ ಆಸಾಮಿಯೇ ಅಲ್ಲ ಅವರು.

ಇಂಥ ಮಾಸ್ಟರ್ ಒಂದು ಫೋನಿಗೆ ಮರುಳಾದರು ನೋಡಿ.

ಆ ದಿನಗಳಲ್ಲಿ ಎಲ್ಲಿ ಹೋದರೂ ಒಂದೇ ಸುದ್ದಿ. ಬಿ.ಪಿ. ನೋಡಲು ಇನ್ನು ತೋಳಿಗೆ ಪಟ್ಟಿ ಸುತ್ತಬೇಕಿಲ್ಲವಂತೆ, ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಸಾಕಂತೆ. ಟಿವಿಯಲ್ಲಿ ನಾಲ್ಕು ಜನ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಚರ್ಚೆ ಮಾಡಿದರು. ವಿಜ್ಞಾನ ಗೆದ್ದಿತು ಎಂದರು ಒಬ್ಬರು. ಡಾಕ್ಟರುಗಳ ಕಥೆ ಮುಗಿಯಿತು ಎಂದರು ಇನ್ನೊಬ್ಬರು. ಅಂಗಡಿಗೆ ಅಳತೆ ಕೊಡಲು ಬಂದವರೂ ಎರಡು ಪಂಗಡವಾಗಿ ವಾದಕ್ಕೆ ನಿಂತರು. ಈ ಗದ್ದಲದ ನಡುವೆ ಯಾರೋ ಕಳಿಸಿದ ಒಂದು ಆ್ಯಪು ಮಾಸ್ಟರ ಫೋನಿನಲ್ಲಿ ಬಂದು ಕೂತಿತು. ಬೆರಳಿಟ್ಟರೆ ಕೆಂಪು ಹೃದಯವೊಂದು ಕುಣಿದು, ಸೊನ್ನೆಯಿಂದ ಅಂಕಿಗಳು ಓಡಿ, ಕೊನೆಗೆ ನೂರಿಪ್ಪತ್ತರ ಹತ್ತಿರ ನಿಲ್ಲುತ್ತಿತ್ತು. ಕೆಳಗೆ ಹಸಿರು ಅಕ್ಷರದಲ್ಲಿ "ನಿಮ್ಮ ಆರೋಗ್ಯ ಚೆನ್ನಾಗಿದೆ" ಎಂದು ಬರುತ್ತಿತ್ತು. ಮಾಸ್ಟರಿಗೆ ಇದು ಎಷ್ಟು ಹಿಡಿಸಿತೆಂದರೆ, ಬಟ್ಟೆ ಹೊಲಿಸುವ ನಲವತ್ತಮೂರು ಜನರಿಗೆ ತಾವೇ ಅದನ್ನು ಕಳಿಸಿಬಿಟ್ಟರು.

ಕಾಜಾ ಅಕ್ಕ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಗಂಡಸರಿಗೆ ಒಂದು ಆಟಿಕೆ ಸಿಕ್ಕಿದೆ, ಆಡಿಕೊಳ್ಳಲಿ ಅಂದುಕೊಂಡಿದ್ದರು.

ಅಂದು ಒಂದನೇ ತಾರೀಕು. ಬೆಳಿಗ್ಗೆ ಮಾಸ್ಟರ್ ಟೇಪನ್ನು ಗಜಕಡ್ಡಿಗೆ ಹಿಡಿದು ನೋಡಿ, ಸರಿಯಿದೆ ಎಂದು ಮತ್ತೆ ಕೊರಳಿಗೆ ಹಾಕಿಕೊಂಡರು. ಆರೋಗ್ಯ ಕೇಂದ್ರದ ಸಿಸ್ಟರು ರಿಪೇರಿಗೆ ಕೊಟ್ಟಿದ್ದ ಬಿಳಿ ಕೋಟು ಅಕ್ಕನ ಮಡಿಲಲ್ಲಿತ್ತು. ಅದಕ್ಕೊಂದು ದೊಡ್ಡ ಗುಂಡಿ ಬೇಕಿತ್ತು. ಯೂನಿಫಾರ್ಮ್ ಕೆಲಸ ಹಿಡಿದ ಮೇಲೆ ಯಾರೂ ಮುಟ್ಟದ ಕೋಟು ಗುಂಡಿಗಳ ಡಬ್ಬಿಯನ್ನು ಅಕ್ಕ ಅಟ್ಟಣಿಗೆಯಿಂದ ಇಳಿಸಿ ಮುಚ್ಚಳ ತೆಗೆದರು.

ಗುಂಡಿಗಳ ಮೇಲೆ ಮಾತ್ರೆಯ ಪಟ್ಟಿಗಳು ಬಿದ್ದಿದ್ದವು. ಮಾಸ್ಟರ ಬಿ.ಪಿ. ಮಾತ್ರೆ. ಮೂರು ವಾರದ ಹಿಂದೆ ತಾವೇ ಆರೋಗ್ಯ ಕೇಂದ್ರದಿಂದ ತಂದು ಅವರ ಕೈಗೆ ಕೊಟ್ಟಿದ್ದ ಮೂವತ್ತು ಮಾತ್ರೆಗಳು. ಅಕ್ಕ ಗುಂಡಿ ಎಣಿಸಿದ ಹಾಗೆ ಹೆಬ್ಬೆರಳಲ್ಲಿ ಒಂದೊಂದನ್ನೇ ಒತ್ತಿ ಎಣಿಸಿದರು. ಇಪ್ಪತ್ತೆಂಟು ಇದ್ದವು.

"ರೀ," ಎಂದರು. "ಇದೇನಿದು?"

ಮಾಸ್ಟರ್ ತಲೆ ಎತ್ತಿ ನೋಡಿ, ಮತ್ತೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದರು. "ಬಿಟ್ಟೆ. ಬೇಕಾಗಿಲ್ಲ. ದಿನಾ ನೋಡ್ಕೋತಿದೀನಲ್ಲ."

"ಯಾರು ಬಿಡಿ ಅಂದ್ರು?"

"ಯಾರೂ ಹೇಳ್ಬೇಕಾಗಿಲ್ಲ ಕಣೇ. ಅಳತೆ ಹೇಳುತ್ತೆ." ಅವರು ಫೋನು ತೆಗೆದು ಬೆರಳಿಟ್ಟರು. ಹೃದಯ ಕುಣಿಯಿತು. "ನೋಡು. ನೂರಿಪ್ಪತ್ತೊಂದು, ಎಪ್ಪತ್ತೊಂಬತ್ತು. ಮಾತ್ರೆ ಬಿಟ್ಟು ಮೂರು ವಾರ ಆಯ್ತು, ಒಂದಿನಾನೂ ಏರಿಲ್ಲ. ನನಗೆ ತಲೆನೋವಿಲ್ಲ, ತಲೆ ಸುತ್ತಲ್ಲ. ಸುಮ್ಮನೆ ಯಾಕೆ ಹೊಟ್ಟೆಗೆ ಔಷಧಿ ಸುರ್ಕೋಬೇಕು?"

"ನಿಮ್ಮಣ್ಣನಿಗೂ ತಲೆ ಸುತ್ತಿರಲಿಲ್ಲ," ಎಂದರು ಅಕ್ಕ.

ಮಾಸ್ಟರ್ ಫೋನು ಇಟ್ಟು ಕತ್ತರಿ ಎತ್ತಿಕೊಂಡರು. ಅವರ ಕೈಯಲ್ಲಿದ್ದ ದೊಡ್ಡ ಕತ್ತರಿ ಅಣ್ಣನದೇ. ಈ ಮೇಜಿನ ಹಿಂದೆ ಮೊದಲು ನಿಂತವರು ಅಣ್ಣ. ಒಂದು ಬೆಳಿಗ್ಗೆ ಟೀ ಲೋಟ ಎತ್ತಲು ಹೋದವರ ಬಲಗೈ ಮೇಲೇಳಲಿಲ್ಲ, ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಬಿ.ಪಿ. ಏರಿ ಮಿದುಳಿಗೆ ಪೆಟ್ಟು ಬಿದ್ದಿತ್ತು. ಆಮೇಲೆ ಎಂಟು ವರ್ಷ ಬದುಕಿದ್ದರು, ಕತ್ತರಿ ಮಾತ್ರ ಮತ್ತೆ ಹಿಡಿಯಲಿಲ್ಲ. ಆ ಎಂಟು ವರ್ಷ ಅವರಿಗೆ ತುತ್ತಿಟ್ಟವರು ಅಕ್ಕ. ಈಗ ಗಂಡನ ಬಲಗೈ ನೋಡುತ್ತಾ ಅಕ್ಕನಿಗೆ ಹೆದರಿಕೆ ಶುರುವಾಯಿತು.

"ಅಣ್ಣನ ಕಾಲದಲ್ಲಿ ಫೋನಿರಲಿಲ್ಲ," ಎಂದರು ಮಾಸ್ಟರ್ ಕೊನೆಗೆ. "ನೀನು ವಿಜ್ಞಾನಕ್ಕೆ ಅಡ್ಡ ಬರಬೇಡ."

ಅಷ್ಟರಲ್ಲಿ ಬಾಗಿಲಲ್ಲಿ ಶಾಲಾ ಬಸ್ಸಿನ ಡ್ರೈವರಣ್ಣ ಬಂದು ನಿಂತ. ತಂದಿದ್ದ ಪ್ಯಾಂಟನ್ನು ಮೇಜಿನ ಮೇಲಿಟ್ಟು, ಸೊಂಟದಲ್ಲಿ ಬಿಗಿಯಾಗಿದೆ, ಸ್ವಲ್ಪ ಬಿಚ್ಚಿಕೊಡಿ ಎಂದ. ಹೋದ ವರ್ಷವೂ ಅದೇ ಪ್ಯಾಂಟನ್ನು ಬಿಚ್ಚಿಕೊಟ್ಟಿದ್ದರು, ಇನ್ನು ಬಿಚ್ಚಲು ಒಳಗೆ ಬಟ್ಟೆಯೇ ಇರಲಿಲ್ಲ. ಮಾಸ್ಟರ್ ಅದನ್ನು ಹೇಳುವ ಮೊದಲೇ ಅವನು ಮುಖ ಅರಳಿಸಿ, "ಮಾಸ್ಟ್ರೇ, ನೀವು ಆ ಆ್ಯಪು ಕಳಿಸಿದ್ದು ಬಹಳ ಒಳ್ಳೇದಾಯ್ತು ಕಣ್ರೀ," ಎಂದ. "ನಾನು ಬಿ.ಪಿ. ಮಾತ್ರೆ ಬಿಟ್ಟೇ ಬಿಟ್ಟೆ. ನೂಲೆಳೆ ಮಾಸ್ಟ್ರೇ ಕಳಿಸಿದಾರೆ ಅಂದ್ಮೇಲೆ ಅಳತೆ ತಪ್ಪಿರಲ್ಲ ಅಂತ ನಮ್ಮ ಮನೆಯವಳಿಗೂ ಹೇಳಿದೆ."

ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. ಅವರ ಕಣ್ಣು ನೀಲಿ ಚಡ್ಡಿಗಳ ರಾಶಿಯ ಮೇಲೆ ಹೋಯಿತು. ಹನ್ನೆರಡು ದಿನ ಕಳೆದರೆ ಇದೇ ಚಡ್ಡಿ ಹಾಕಿಕೊಂಡ ಮಕ್ಕಳು ಇವನ ಬಸ್ಸಿನಲ್ಲಿ ಕೂರುತ್ತಾರೆ. ಕೋಟಿಗೆ ಗುಂಡಿ ಹಾಕಿ ದಾರ ಕಡಿದು, ಮಾತ್ರೆ ಪಟ್ಟಿಗಳನ್ನು ಅದೇ ಕೋಟಿನ ಜೇಬಿಗೆ ಹಾಕಿ ಅಕ್ಕ ಎದ್ದರು.

"ಎಲ್ಲಿಗೆ?" ಎಂದರು ಮಾಸ್ಟರ್.

"ಕೋಟು ಕೊಟ್ಟು ಬರ್ತೀನಿ," ಎಂದರು ಅಕ್ಕ. ಸುಳ್ಳೇನಲ್ಲ.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಜನ ಸಾಲಾಗಿ ಕೂತಿದ್ದರು. ಅಕ್ಕ ಯಾರನ್ನೂ ದಾಟಿ ಹೋಗಲಿಲ್ಲ. ತಮ್ಮ ಸರದಿ ಬರುವವರೆಗೆ ಕೋಟನ್ನು ಅಪ್ಪಿಕೊಂಡು ಕೂತರು. ಹೆಂಡತಿ ಹೇಳಿದರೆ ಈ ಮನುಷ್ಯ ಕೇಳುವುದಿಲ್ಲ, ಸಿಸ್ಟರು ಹೇಳಿದರೂ ಕೇಳಲಿಕ್ಕಿಲ್ಲ. ಆದರೆ ಕೇಳುವಂತೆ ಮಾಡದೆ ಇವತ್ತು ಮಲಗುವುದಿಲ್ಲ ಎಂದು ಅಷ್ಟರಲ್ಲಿ ಗಟ್ಟಿ ಮಾಡಿಕೊಂಡಿದ್ದರು.

ಸಿಸ್ಟರು ಮಾತ್ರೆ ಪಟ್ಟಿಗಳನ್ನು ನೋಡಿದರು. ಬೈಯಲಿಲ್ಲ. "ಎಷ್ಟು ದಿನ ಆಯ್ತು ಅಕ್ಕ?"

"ಮೂರು ವಾರ."

"ಊಟದ ಹೊತ್ತಿಗೆ ನಾನೇ ಬರ್ತೀನಿ. ಅಲ್ಲೀವರೆಗೆ ಜಗಳ ಆಡಬೇಡಿ. ಜಗಳ ಆಡಿದ್ರೂ ಬಿ.ಪಿ. ಏರುತ್ತೆ, ನಿಮ್ಮದೂ ಸೇರಿ."

ಊಟದ ಹೊತ್ತಿಗೆ ಸಿಸ್ಟರು ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಬಿ.ಪಿ. ಯಂತ್ರ. ಅದನ್ನು ನೋಡಿದ ಕೂಡಲೇ ಮಾಸ್ಟರಿಗೆ ಎಲ್ಲ ಅರ್ಥವಾಯಿತು. ಹೆಂಡತಿಯನ್ನೊಮ್ಮೆ ದುರುಗುಟ್ಟಿ ನೋಡಿದರು. ಅಕ್ಕ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವ ಹಾಗೆ ಆ ಕಡೆ ನೋಡಿದರು.

"ನನಗೇನಾಗಿಲ್ಲ ಸಿಸ್ಟರ್," ಎಂದರು ಮಾಸ್ಟರ್. "ನನ್ನ ಹತ್ರ ಅಳತೆ ಇದೆ."

"ಇನ್ನೊಂದು ಅಳತೆ ನೋಡೋಣ, ಏನು ನಷ್ಟ?"

"ಸರಿ, ನೋಡೋಣ. ನಿಮ್ಮದರಲ್ಲಿ ಹೆಚ್ಚು ಬಂತು ಅಂತಿಟ್ಕೊಳ್ಳಿ. ನಿಮ್ಮ ಯಂತ್ರಾನೇ ಸರಿ, ನನ್ನ ಫೋನೇ ತಪ್ಪು ಅಂತ ಯಾರು ಹೇಳಿದ್ದು?"

ಸಿಸ್ಟರು ಬಾಯಿ ತೆರೆಯುವ ಮೊದಲೇ ಅಕ್ಕ ಸ್ಟೂಲಿನಿಂದ ಎದ್ದು ಬಂದರು. "ಅದು ಸರಿಯಾದ ಮಾತು," ಎಂದರು. "ಇವತ್ತು ಒಂದನೇ ತಾರೀಕು. ಟೇಪನ್ನ ಗಜಕಡ್ಡಿಗೆ ಹಿಡಿದ್ರಿ. ಫೋನನ್ನ ಹಿಡಿದ್ರಾ?"

"ಫೋನನ್ನ ಹೇಗೆ ಹಿಡಿಯೋದು?"

"ಹಿಡಿಯೋಕೆ ಬರದೇ ಇರೋ ಅಳತೇನ ಕೊರಳಿಗೆ ಹಾಕ್ಕೊಂಡಿದೀರಲ್ಲ, ಅದು ನಿಮ್ಮ ಕೆಲಸಾನಾ? ಕೊಡಿ ಇಲ್ಲಿ."

ಅಕ್ಕ ಫೋನನ್ನು ಮೇಜಿನ ಮೇಲೆ ಗಜಕಡ್ಡಿಯ ಪಕ್ಕದಲ್ಲಿಟ್ಟರು. ಮೊದಲು ತಾವು ಬೆರಳಿಟ್ಟರು. ನೂರಿಪ್ಪತ್ತೆರಡು, ಎಂಬತ್ತು. ಸಿಸ್ಟರು ಬೆರಳಿಟ್ಟರು. ನೂರಹತ್ತೊಂಬತ್ತು, ಎಪ್ಪತ್ತೊಂಬತ್ತು. "ಸಿಸ್ಟರ್, ನೀವು ಚಿಕ್ಕವರು, ಮೆಟ್ಟಿಲು ಹತ್ತಿ ಇಳೀತೀರಾ?" ಎಂದು ಕೇಳಿದರು ಅಕ್ಕ. ಸಿಸ್ಟರು ನಗುತ್ತಾ ಅಂಗಡಿಯ ಪಕ್ಕದ ಮೆಟ್ಟಿಲುಗಳನ್ನು ಐದು ಸಲ ಓಡಿ ಹತ್ತಿ, ಓಡಿ ಇಳಿದು, ಏದುಸಿರು ಬಿಡುತ್ತಾ ಬಂದು ಬೆರಳಿಟ್ಟರು. ನೂರಿಪ್ಪತ್ತು, ಎಂಬತ್ತು. ನಿಮ್ಮ ಆರೋಗ್ಯ ಚೆನ್ನಾಗಿದೆ.

ಮಾಸ್ಟರ ಹುಬ್ಬು ಸ್ವಲ್ಪ ಮೇಲೇರಿತು. "ಚಿಕ್ಕ ವಯಸ್ಸು, ಒಳ್ಳೇ ಮೈ," ಎಂದು ಗೊಣಗಿದರು.

ಅಕ್ಕ ಕಿಟಕಿಯ ಕಟ್ಟೆಯಿಂದ ತಮ್ಮ ಸೂಜಿ ದಿಂಬನ್ನು ತಂದರು. ಕೆಂಪು ಮಖಮಲ್ಲಿನ ಚೂರಿನೊಳಗೆ ಕಟಿಂಗಿನಲ್ಲಿ ಉಳಿದ ಚಿಂದಿ ತುಂಬಿ ಹೊಲಿದ, ಅಂಗೈಯಷ್ಟಗಲದ ಪುಟ್ಟ ದಿಂಬು. ಮೈತುಂಬ ಸೂಜಿ. ಸೂಜಿಯಿಲ್ಲದ ಕಡೆ ನೋಡಿ ಅದನ್ನು ಕ್ಯಾಮೆರಾ ಮೇಲೆ ಒತ್ತಿ ಹಿಡಿದರು.

ಕೆಂಪು ಹೃದಯ ಕುಣಿಯಿತು. ಅಂಕಿಗಳು ಓಡಿದವು. ನೂರಿಪ್ಪತ್ತೊಂದು, ಎಪ್ಪತ್ತೊಂಬತ್ತು. ನಿಮ್ಮ ಆರೋಗ್ಯ ಚೆನ್ನಾಗಿದೆ.

ಸಿಸ್ಟರು ನಗು ತಡೆಯಲು ಸೆರಗಿಲ್ಲದೆ ಕೋಟಿನ ತೋಳನ್ನೇ ಬಾಯಿಗೆ ಅಡ್ಡ ಹಿಡಿದರು. ಅಕ್ಕನಿಗೆ ನಗು ಬರಲಿಲ್ಲ. ಬೆಳಿಗ್ಗೆ ಗಂಡನಿಗೆ ಬಂದದ್ದೂ ಇದೇ ಅಂಕಿ, ಒಂದೂ ವ್ಯತ್ಯಾಸವಿಲ್ಲ. ಮಾಸ್ಟರ್ ದಿಂಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಇನ್ನೊಮ್ಮೆ ತಾವೇ ಕ್ಯಾಮೆರಾಗೆ ಹಿಡಿದರು. ಈ ಸಲ ದಿಂಬಿನ ಬಿ.ಪಿ. ನೂರಿಪ್ಪತ್ತಮೂರು.

"ಈಗ ನಿಮ್ಮದು," ಎಂದರು ಸಿಸ್ಟರ ಕಡೆ ತಿರುಗಿ. ದನಿ ತಗ್ಗಿತ್ತು, ಆದರೆ ಹಠ ಹೋಗಿರಲಿಲ್ಲ. "ನಿಮ್ಮದೂ ದಿಂಬಿಗೆ ಕಟ್ಟಿ."

"ಕಟ್ಟೋಣ," ಎಂದರು ಸಿಸ್ಟರು. ಪಟ್ಟಿ ಕಟ್ಟಲು ದಿಂಬು ಚಿಕ್ಕದಾಯಿತು. ಮಾಸ್ಟರ್ ನೀಲಿ ಬಟ್ಟೆಯ ಒಂದು ಸುರುಳಿ ಎಳೆದುಕೊಟ್ಟರು, ತೋಳಿನಷ್ಟೇ ದಪ್ಪ. ಸಿಸ್ಟರು ಅದಕ್ಕೆ ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಯಂತ್ರ ಬುಸುಬುಸು ಎಂದು ಗಾಳಿ ತುಂಬಿತು, ಬಿಟ್ಟಿತು, ಮತ್ತೆ ತುಂಬಿತು. ಕೊನೆಗೆ ಅಂಕಿ ಬರಲಿಲ್ಲ. ತಪ್ಪು ಎನ್ನುವ ಗುರುತು ಬಂತು.

"ಹಾಗಂದ್ರೆ?"

"ನನಗೆ ಗೊತ್ತಾಗ್ತಿಲ್ಲ ಅಂತಿದೆ ಮಾಸ್ಟ್ರೇ. ನಾಡಿ ಸಿಗಲಿಲ್ಲ, ಅದಕ್ಕೆ ಅಂಕಿ ಕೊಡಲಿಲ್ಲ." ಸಿಸ್ಟರು ಯಂತ್ರವನ್ನು ತಿರುಗಿಸಿ ಬೆನ್ನ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. "ಇದನ್ನೂ ವರ್ಷಕ್ಕೊಂದು ಸಲ ಪರೀಕ್ಷೆಗೆ ಕಳಿಸ್ತೀವಿ. ಸರಿಯಿದ್ರೆ ತಾರೀಕು ಹಾಕಿ ಚೀಟಿ ಅಂಟಿಸ್ತಾರೆ. ನಮಗೂ ಒಂದು ಗಜಕಡ್ಡಿ ಇದೆ."

ಮಾಸ್ಟರ್ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಸಹಿ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು ತೋಳು ಚಾಚಿದರು.

"ಈಗಲೇ ಬೇಡ," ಎಂದರು ಸಿಸ್ಟರು. "ಬೆನ್ನು ಒರಗಿಸಿ ಕೂತ್ಕೊಳ್ಳಿ. ಕಾಲು ನೆಲಕ್ಕೆ ಊರಿ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ಮನಿರಿ, ಮಾತು ಬೇಡ. ಟೀ ಕುಡಿದು ಎಷ್ಟೊತ್ತಾಯ್ತು?"

"ಬೆಳಿಗ್ಗೆ."

"ಸರಿ. ಟೀ, ಸಿಗರೇಟು ಆಗಿ ಅರ್ಧ ಗಂಟೆ ಆಗೋವರೆಗೆ ನೋಡಬಾರದು."

ಐದು ನಿಮಿಷ ಮಾಸ್ಟರ್ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಮದುವೆಯಾದ ಮೇಲೆ ಇಷ್ಟು ಹೊತ್ತು ಅವರು ಎಚ್ಚರವಿದ್ದೂ ಮಾತಾಡದೆ ಇದ್ದದ್ದು ಅಕ್ಕನಿಗೆ ನೆನಪಿರಲಿಲ್ಲ. ಯಂತ್ರ ಗಾಳಿ ತುಂಬಿತು. ಅಂಕಿ ಬಂತು. ನೂರ ಎಪ್ಪತ್ತಾರು, ನೂರ ನಾಲ್ಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು. ನೂರ ಎಪ್ಪತ್ತೆರಡು, ನೂರ ಎರಡು.

ಅಕ್ಕ ಮೇಜಿನ ಅಂಚನ್ನು ಹಿಡಿದುಕೊಂಡರು. ಮಾಸ್ಟರ್ ತಮ್ಮ ಬಲಗೈಯನ್ನು ನೋಡಿಕೊಂಡರು, ಬೆರಳು ಮಡಿಸಿ ಬಿಡಿಸಿದರು. "ನನಗೇನೂ ಅನಿಸ್ತಾನೇ ಇಲ್ಲ ಸಿಸ್ಟರ್," ಎಂದರು.

"ಬಹಳ ಜನಕ್ಕೆ ಏನೂ ಅನಿಸಲ್ಲ ಮಾಸ್ಟ್ರೇ. ಅದಕ್ಕೇ ಅಳೆಯೋದು. ಅನಿಸೋ ಹಾಗಿದ್ರೆ ಯಂತ್ರ ಯಾಕೆ ಬೇಕಿತ್ತು? ಇವತ್ತೇ ಬಂದು ಡಾಕ್ಟರನ್ನ ನೋಡಿ. ಬಿಟ್ಟಿದ್ದನ್ನ ತುಂಬಿಸ್ತೀನಿ ಅಂತ ಎರಡೆರಡು ಮಾತ್ರೆ ನುಂಗಬೇಡಿ, ಎಷ್ಟು ತಗೋಬೇಕು ಅಂತ ಅವರೇ ಹೇಳ್ತಾರೆ. ಅಕ್ಕ, ನೀವು ಒಂದು ನೆನಪಿಟ್ಕೊಳ್ಳಿ. ಮುಖ ಒಂದು ಕಡೆ ವಾಲಿದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ, ಸ್ವಲ್ಪ ಹೊತ್ತು ನೋಡೋಣ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ."

"ಹಾಗಾದ್ರೆ ಆ ಸುದ್ದಿ?" ಎಂದರು ಮಾಸ್ಟರ್. "ಟಿವೀಲಿ ಅಷ್ಟೊಂದು ಹೇಳಿದ್ರಲ್ಲ. ವಿಜ್ಞಾನ ಸುಳ್ಳಾ?"

"ವಿಜ್ಞಾನ ಸುಳ್ಳಲ್ಲ. ಫೋನಲ್ಲಿ ಬಿ.ಪಿ. ನೋಡೋದು ಹೇಗೆ ಅಂತ ವಿಜ್ಞಾನಿಗಳು ಕೆಲಸ ಮಾಡ್ತಿದಾರೆ, ನಿಜ. ಮುಂದೆ ಬಂದರೂ ಬರಬಹುದು. ಬಂದ್ರೆ ನೂರಾರು ಜನರ ತೋಳಿಗೆ ಪಟ್ಟಿ ಕಟ್ಟಿ, ಎರಡನ್ನೂ ತಾಳೆ ನೋಡಿ ಬರುತ್ತೆ. ಸುದ್ದಿ ಒಂದು ಕಡೆಯಿಂದ ಬಂತು, ಈ ಆ್ಯಪು ಇನ್ನೊಂದು ಕಡೆಯಿಂದ ಬಂತು. ನೀವು ಎರಡನ್ನೂ ಸೇರಿಸಿ ಹೊಲಿದುಬಿಟ್ರಿ. ಇದನ್ನ ಮಾಡಿದವರು ಯಾರು, ಪರೀಕ್ಷೆ ಮಾಡಿದವರು ಯಾರು, ಕೇಳಿದ್ರಾ?"

ಮಾಸ್ಟರ್ ತಲೆ ಅಲ್ಲಾಡಿಸಿದರು.

"ನೀವು ತಿಂಗಳಿಗೊಂದು ಸಲ ಈ ಮೇಜಿನ ಮೇಲೆ ಮಾಡ್ತೀರಲ್ಲ, ಅದೇ ವಿಜ್ಞಾನ," ಎಂದರು ಸಿಸ್ಟರು. "ಅಕ್ಕ ಇವತ್ತು ಮಾಡಿದ್ದೂ ಅದನ್ನೇ."

ಅಕ್ಕ ಸುಮ್ಮನೆ ಸೂಜಿ ದಿಂಬನ್ನು ಜಾಗಕ್ಕೆ ಇಟ್ಟು ಬಂದರು. ಗೆದ್ದೆ ಎಂದು ಅವರಿಗೆ ಅನಿಸಲಿಲ್ಲ. ಡ್ರೈವರಣ್ಣನ ಬಿಗಿ ಪ್ಯಾಂಟು ಇನ್ನೂ ಮೇಜಿನ ಮೇಲೆ ಬಿದ್ದಿತ್ತು. ಮಾಸ್ಟರೂ ಅದನ್ನೇ ನೋಡುತ್ತಿದ್ದರು.

ಆ ಅಂಗಡಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಕಟಿಂಗ್ ತಪ್ಪಿ ಯಾರದಾದರೂ ಬಟ್ಟೆ ಕೆಟ್ಟರೆ ಮಾಸ್ಟರ್ ಅದನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತಿರಲಿಲ್ಲ. ತಾವೇ ಹೋಗಿ, ನಾನು ಕೆಡಿಸಿದೆ ಎಂದು ಹೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ಅಂಥ ಸಂದರ್ಭ ನಾಲ್ಕೈದು ಸಲ ಬಂದಿರಬಹುದು. ಈಗ ನಲವತ್ತಮೂರು ಒಟ್ಟಿಗೆ ಬಂದಿತ್ತು.

ಮಾಸ್ಟರ್ ಫೋನು ಎತ್ತಿ ಮೊದಲು ಡ್ರೈವರಣ್ಣನಿಗೇ ಕರೆ ಮಾಡಿದರು. "ಪ್ಯಾಂಟು ಆಯ್ತಾ ಮಾಸ್ಟ್ರೇ?" ಎಂದ ಅವನು.

"ಪ್ಯಾಂಟು ಆಮೇಲೆ. ನಾನು ನಿಂಗೆ ಕಳಿಸಿದ ಅಳತೆ ತಪ್ಪು. ನಾನು ಪರೀಕ್ಷೆ ಮಾಡದೆ ಕಳಿಸಿದೆ. ನಮ್ಮ ಮನೆಯವಳ ಸೂಜಿ ದಿಂಬಿಗೂ ಅದರಲ್ಲಿ ನೂರಿಪ್ಪತ್ತೊಂದು ಬಂತು."

ಆ ಕಡೆ ಜೋರು ನಗು. ಮಾಸ್ಟರ್ ನಗಲಿಲ್ಲ. "ನನಗೆ ನಿಜವಾಗಿ ಎಷ್ಟಿದೆ ಗೊತ್ತಾ? ನೂರ ಎಪ್ಪತ್ತಾರು," ಎಂದರು. ನಗು ನಿಂತಿತು. "ನಾನೀಗ ಆಸ್ಪತ್ರೆಗೆ ಹೋಗ್ತಿದೀನಿ. ನೀನೂ ಬಾ. ನೀನು ಬರೋವರೆಗೂ ಬಾಗಿಲಲ್ಲೇ ನಿಂತಿರ್ತೀನಿ. ನಂಗೆ ನಿಂತು ಅಭ್ಯಾಸ."

ಅವನು ಬಂದ. ಅವನದು ನೂರ ಅರವತ್ತೆಂಟು ಇತ್ತು.

ಡಾಕ್ಟರಿಗಾಗಿ ಕಾಯುತ್ತಾ ಬೆಂಚಿನ ಮೇಲೆ ಕೂತಾಗ ಮಾಸ್ಟರ್ ಉಳಿದ ನಲವತ್ತೆರಡು ಜನರಿಗೆ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದರು. ಕೆಲವರು ಬೈದರು, ಕೆಲವರು ನಕ್ಕರು, ಒಬ್ಬರು ವಾದಕ್ಕೇ ನಿಂತರು. ಅವರಿಗೆ ಮಾಸ್ಟರ್, "ನಿಮ್ಮ ಮನೆ ದಿಂಬಿಗೆ ಹಿಡಿದು ನೋಡಿ, ಆಮೇಲೆ ಮಾತಾಡೋಣ" ಎಂದು ಮುಂದಿನವರಿಗೆ ಹೋದರು. ಪಕ್ಕದಲ್ಲಿ ಕೂತ ಅಕ್ಕ ಒಬ್ಬೊಬ್ಬರದು ಮುಗಿದ ಹಾಗೆ ಬೆರಳು ಮಡಿಸುತ್ತಿದ್ದರು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೂ ಈ ಮನುಷ್ಯನನ್ನು ಕಂಡು ಅವರಿಗೆ ಹೆಮ್ಮೆಯೆನಿಸಿತು, ಹೇಳಿದರೆ ಉಬ್ಬಿಹೋಗುತ್ತಾರೆಂದು ಹೇಳಲಿಲ್ಲ.

ಡಾಕ್ಟರು ಇಬ್ಬರಿಗೂ ಮಾತ್ರೆ ಮತ್ತೆ ಶುರುಮಾಡಿಸಿದರು. ಮಾಸ್ಟರ ಮಾತ್ರೆ ಈಗ ಅಟ್ಟಣಿಗೆಯ ಡಬ್ಬಿಯಲ್ಲಿಲ್ಲ. ಗಜಕಡ್ಡಿಯ ಪಕ್ಕದಲ್ಲಿದೆ. ಅಕ್ಕ ದಿನವೂ ಎಣಿಸುತ್ತಾರೆ. ಶಾಲೆ ತೆರೆದ ದಿನ ಬಸ್ಸು ಅಂಗಡಿಯ ಮುಂದೆ ಹಾದುಹೋಯಿತು. ಡ್ರೈವರಣ್ಣ ಹೊಸ ಪ್ಯಾಂಟಿನಲ್ಲಿದ್ದ. ಮಾಸ್ಟರ್ ಕತ್ತರಿ ಹಿಡಿದ ಬಲಗೈ ಎತ್ತಿ ಬೀಸಿದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲೂ ಹೊಸ ಸುದ್ದಿ ಬರುತ್ತದೆ, ಹೊಸ ಆ್ಯಪು ಬರುತ್ತದೆ. ಬರಲಿ, ಹೊಸದಕ್ಕೆ ಹೆದರಬೇಕಾಗಿಲ್ಲ. ಆದರೆ ಯಾರು ಮಾಡಿದ್ದು, ಯಾರು ಪರೀಕ್ಷಿಸಿದ್ದು ಎಂದು ತಿಳಿಯುವವರೆಗೆ ನಂಬಬೇಡಿ, ಇನ್ನೊಬ್ಬರಿಗೆ ಕಳಿಸಲೂ ಬೇಡಿ. ಕಳಿಸಿಬಿಟ್ಟಿದ್ದರೆ ಮಾಸ್ಟರ ಹಾಗೆ ಕರೆ ಮಾಡಿ ಹೇಳಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಬಿಡಬೇಡಿ. ಬಿ.ಪಿ.ಯನ್ನು ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡೇ ನೋಡಿಸಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಡಿ. ಎದ್ದು ಹೋಗಿ ನಿಮ್ಮ ಮನೆಯವರ ಮಾತ್ರೆ ಪಟ್ಟಿ ಎಲ್ಲಿದೆ ಎಂದು ಹುಡುಕಿ. ಎಷ್ಟು ಉಳಿದಿರಬೇಕಿತ್ತು, ಎಷ್ಟು ಉಳಿದಿವೆ ಎಂದು ಎಣಿಸಿ. ಹೆಚ್ಚು ಉಳಿದಿದ್ದರೆ ಅವುಗಳನ್ನು ಜೇಬಿಗೆ ಹಾಕಿಕೊಂಡು ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೊರಡಿ.